ಧನುಷ್ಕೋಡಿಯ ನಿಲ್ದಾಣ

ರಾಮೇಶ್ವರದಲ್ಲಿ ಇಪ್ಪತ್ತೆರಡು ತೀರ್ಥಗಳ ಸ್ನಾನ ಮುಗಿಸಿದ ಯಾತ್ರಿಕರು ಧನುಷ್ಕೋಡಿಗೂ ಹೋಗಿಬರುವುದು ವಾಡಿಕೆ. ಸುಮಾರು 20 ಕಿಲೋಮೀಟರ್ ದೂರ. ದಾರಿಯ ಎರಡು ಮಗ್ಗುಲಲ್ಲೂ ಕಡಲು. 2017ರಲ್ಲಿ ರಸ್ತೆ ಆಗುವವರೆಗೆ ಕೊನೆಯ ಹಾದಿಯನ್ನು ಮರಳಿನ ಮೇಲೆಯೇ ಕ್ರಮಿಸಬೇಕಿತ್ತು. ಭೂಶಿರವಾದ ಅರಿಚಲ್‌ಮುನೈ ತಲುಪುವ ಮುನ್ನ ಕೆಲವು ಮುರುಕು ಗೋಡೆಗಳು ಕಾಣುತ್ತವೆ. ಅವುಗಳಲ್ಲಿ ಒಂದು ಇಗರ್ಜಿಯದು, ಇನ್ನೊಂದು ರೈಲು ನಿಲ್ದಾಣದ್ದು. ಶಂಖ, ಕವಡೆ ಮಾರುವ ಅಂಗಡಿಗಳ ಸಂದಣಿಯಲ್ಲಿ ಅದು ನಿಲ್ದಾಣವೆಂದು ಅನೇಕರಿಗೆ ಹೊಳೆಯುವುದೇ ಇಲ್ಲ.

1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದರಾಸಿನ ಬೋಟ್ ಮೇಲ್ ಇಲ್ಲಿಗೆ ಬರತೊಡಗಿತು. ಪ್ರಯಾಣಿಕರು ಇಲ್ಲಿ ಉಗಿಹಡಗನ್ನೇರಿ ತಲೈಮನ್ನಾರಿಗೆ ದಾಟಿ, ಅಲ್ಲಿಂದ ಮತ್ತೊಂದು ರೈಲಿನಲ್ಲಿ ಕೊಲಂಬೊ ಸೇರುತ್ತಿದ್ದರು. ಸುಂಕದ ಕಟ್ಟೆ, ಅಂಚೆ ಕಚೇರಿ, ಶಾಲೆ ಎಲ್ಲವೂ ಇದ್ದ ಊರು ಅದು.

1964ರ ಡಿಸೆಂಬರ್ 22ರ ರಾತ್ರಿ ಪಾಂಬನ್‌ನಿಂದ ಹೊರಟ 653ನೇ ಪ್ಯಾಸೆಂಜರ್ ಬಂಡಿ ಧನುಷ್ಕೋಡಿಯ ಸಮೀಪಕ್ಕೆ ಬಂದು ನಿಂತಿತು. ಚಂಡಮಾರುತಕ್ಕೆ ಸಿಗ್ನಲ್ ಕೆಟ್ಟಿತ್ತು. ತುಸು ಹೊತ್ತು ಕಾದ ಚಾಲಕನು ದೀರ್ಘವಾಗಿ ಸೀಟಿ ಊದಿ ಬಂಡಿಯನ್ನು ಮುಂದಕ್ಕೆ ಬಿಟ್ಟನೆಂದು ಹೇಳುತ್ತಾರೆ. ಮೇಲೆದ್ದ ಅಲೆ ಆರೂ ಬೋಗಿಗಳನ್ನು ನುಂಗಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಸತ್ತವರು 115 ಮಂದಿ ಎಂಬುದು ಅಧಿಕೃತ ಲೆಕ್ಕ: ಟಿಕೆಟು ಪಡೆದ 110 ಪ್ರಯಾಣಿಕರು, ರೈಲ್ವೆಯ ಐವರು ಸಿಬ್ಬಂದಿ. ಟಿಕೆಟಿಲ್ಲದೆ ಹತ್ತಿದವರನ್ನೂ ಸೇರಿಸಿದರೆ ಸಂಖ್ಯೆ 200ರ ಸಮೀಪ ಇರಬಹುದೆಂಬ ಅಂದಾಜೂ ಇದೆ. ಟಿಕೆಟು ಎಂಬುದು ರೈಲ್ವೆಗೂ ಪ್ರಯಾಣಿಕನಿಗೂ ನಡುವಣ ಕರಾರಿನ ಕುರುಹು. ಅದಿಲ್ಲದವನು ಬದುಕಿದ್ದರೆ ದಂಡಕ್ಕೆ ಗುರಿಯಾಗುತ್ತಿದ್ದನು. ಸತ್ತ ಮೇಲೆ ಲೆಕ್ಕಕ್ಕೂ ಸಿಗಲಿಲ್ಲ. ಅಂಥವರಲ್ಲಿ ಮಕ್ಕಳೆಷ್ಟು, ಯಾರ ಮನೆಯವರು, ಯಾವ ಕಡತವೂ ಹೇಳಲಾರದು.

ಅದೇ ಬಿರುಗಾಳಿ ಪಾಂಬನ್ ಸೇತುವೆಯ ಬಹುತೇಕ ಗರ್ಡರುಗಳನ್ನೂ ಕಡಲಿಗೆ ಕೆಡವಿತ್ತು. ಮುಂದೆ ಕೊಂಕಣ ರೈಲ್ವೆಯನ್ನು ಕಟ್ಟಿದ ಇ. ಶ್ರೀಧರನ್ ಆಗ ತರುಣ ಎಂಜಿನಿಯರ್. ಅವರ ಉಸ್ತುವಾರಿಯಲ್ಲಿ ಸೇತುವೆ 46 ದಿನಗಳಲ್ಲಿ ಮತ್ತೆ ಎದ್ದು ನಿಂತಿತು. ರಾಮೇಶ್ವರಕ್ಕೆ ರೈಲು ಮರಳಿತು, ಧನುಷ್ಕೋಡಿಗೆ ಮರಳಲಿಲ್ಲ. ಊರು ವಾಸಯೋಗ್ಯವಲ್ಲವೆಂದು ಸರ್ಕಾರ ಸಾರಿತು. ಹಳಿಗಳ ಮೇಲೆ ಮರಳು ಕೂತಿತು. 2019ರಲ್ಲಿ ಹೊಸ ಮಾರ್ಗಕ್ಕೆ ಶಂಕುಸ್ಥಾಪನೆಯೇನೋ ಆಯಿತು. ಬಂಡಿ ಮಾತ್ರ ಬಂದಿಲ್ಲ.

ವಾಸಯೋಗ್ಯವಲ್ಲ ಎಂದ ನೆಲದಲ್ಲಿ ಮೀನುಗಾರ ಕುಟುಂಬಗಳು ಗುಡಿಸಲು ಕಟ್ಟಿಕೊಂಡಿವೆ. ಸುತ್ತ ಉಪ್ಪುನೀರಿದ್ದರೂ ಮರಳನ್ನು ಒಂದಿಷ್ಟು ತೋಡಿದರೆ ಸಿಹಿನೀರು ಜಿನುಗುತ್ತದೆ. ಹೆಂಗಸರು ಅದನ್ನೇ ಮೊಗೆದು ಕೊಡ ತುಂಬಿಸಿಕೊಳ್ಳುತ್ತಾರೆ.