ಬಾಡಿಗೆಯಿಲ್ಲದ ಮನೆ, ಕರಾರಿಲ್ಲದ ವಾಸ

ಅಂತರ್ಜಾಲದಲ್ಲಿ ಉಚಿತವಾಗಿ ಸ್ಥಳ ಒದಗಿಸುವ ಸೇವೆಗಳು ಎಷ್ಟು ನಂಬಲರ್ಹ ಎಂದು ಕೇಳಿದಾಗ ಸಾಮಾನ್ಯವಾಗಿ ಯಂತ್ರದ ಮಾತೇ ಮುಂದೆ ಬರುತ್ತದೆ: ಸರ್ವರ್ ಎಷ್ಟು ಬಾರಿ ಕೆಡುತ್ತದೆ, ಪುಟ ಎಷ್ಟು ಬೇಗ ತೆರೆಯುತ್ತದೆ ಇತ್ಯಾದಿ. ಸಾಹಿತ್ಯದ ಅಭ್ಯಾಸಿಗೆ ಮುಖ್ಯವಾದ ಪ್ರಶ್ನೆ ಬೇರೆಯದು. ಅಲ್ಲಿಟ್ಟ ಬರಹ ಇಪ್ಪತ್ತು ವರ್ಷಗಳ ಅನಂತರವೂ ಓದಲು ದೊರೆಯುವುದೇ? ಈ ಪ್ರಶ್ನೆಗೆ ಜಿಯೋಸಿಟೀಸ್ ಎಂಬ ಸೇವೆಯ ಚರಿತ್ರೆಯಲ್ಲಿ ಸ್ಪಷ್ಟವಾದ ಉತ್ತರವಿದೆ.

1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಆರಂಭಿಸಿದ ಈ ಸಂಸ್ಥೆಯಲ್ಲಿ ಯಾರು ಬೇಕಾದರೂ ಹಣ ಕೊಡದೆ ತಮ್ಮ ಪುಟಗಳನ್ನು ಕಟ್ಟಿಕೊಳ್ಳಬಹುದಿತ್ತು. ಅದರ ರಚನೆ ಒಂದು ಊರಿನಂತಿತ್ತು. ಸಾಹಿತ್ಯ, ತತ್ತ್ವಶಾಸ್ತ್ರ, ಶಿಕ್ಷಣಗಳಲ್ಲಿ ಆಸಕ್ತರಾದವರಿಗೆ ‘ಅಥೆನ್ಸ್’ ಎಂಬ ಕೇರಿ. ಕಂಪ್ಯೂಟರ್ ಪ್ರಿಯರಿಗೆ ‘ಸಿಲಿಕಾನ್ ವ್ಯಾಲಿ’. ಪ್ರತಿಯೊಂದು ತಾಣಕ್ಕೂ ಮನೆಯ ಸಂಖ್ಯೆಯಂತೆ ಒಂದು ಸಂಖ್ಯೆ. ಅಲ್ಲಿಯ ನಿವಾಸಿಗಳಿಗೆ ‘ಹೋಮ್‌ಸ್ಟೆಡರ್’ ಎಂಬ ಹೆಸರಿತ್ತು. ಅದು ಅಮೆರಿಕದ ಚರಿತ್ರೆಯಿಂದ ಬಂದ ಪದ. 1862ರ ಕಾಯಿದೆಯ ಪ್ರಕಾರ ಸರ್ಕಾರಿ ನೆಲದಲ್ಲಿ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವನಿಗೆ ಆ ನೆಲದ ಹಕ್ಕುಪತ್ರ ದೊರೆಯುತ್ತಿತ್ತು. ಜಿಯೋಸಿಟೀಸ್‌ನಲ್ಲಿ ಆ ಹೆಸರಷ್ಟೇ ಇತ್ತು, ಹಕ್ಕುಪತ್ರವಿರಲಿಲ್ಲ. ಎಷ್ಟು ವರ್ಷ ಉತ್ತು ಬಿತ್ತಿದರೂ ಅಲ್ಲಿಯ ಒಕ್ಕಲು ಗೇಣಿಪತ್ರವೂ ಇಲ್ಲದ ಒಕ್ಕಲಾಗಿಯೇ ಉಳಿದ.

1999ರಲ್ಲಿ ಯಾಹೂ ಸಂಸ್ಥೆ ಸುಮಾರು 350 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ತೆತ್ತು ಈ ಸೇವೆಯನ್ನು ಕೊಂಡಿತು. ಅದೇ ವರ್ಷ ಹೊಸ ಶರತ್ತುಗಳು ಪುಟಗಳ ಮೇಲೆ ಸಂಸ್ಥೆಗೇ ವಿಸ್ತಾರವಾದ ಹಕ್ಕನ್ನು ಕೊಡುವಂತಿದ್ದುದರಿಂದ ನಿವಾಸಿಗಳು ಪ್ರತಿಭಟಿಸಿದರು, ಶರತ್ತುಗಳನ್ನು ತಿದ್ದಬೇಕಾಯಿತು. ಆದರೆ ಮೂಲ ಸಂಬಂಧ ಬದಲಾಗಲಿಲ್ಲ. ಉಚಿತ ಸೇವೆಯಲ್ಲಿ ಹಣ ಕೊಡುವವನು ಜಾಹೀರಾತುದಾರ, ಬರೆಯುವವನಲ್ಲ. ಜಾಹೀರಾತಿನ ಆದಾಯ ಖರ್ಚನ್ನು ಸರಿದೂಗಿಸದ ದಿನ ಬರಹ ಹೊರೆಯಾಗಿ ಕಾಣತೊಡಗುತ್ತದೆ. 2009ರ ಏಪ್ರಿಲ್‌ನಲ್ಲಿ ಮುಚ್ಚುವ ಸೂಚನೆ ಹೊರಬಿತ್ತು. ಅಕ್ಟೋಬರ್ 26ರಂದು ಸೇವೆ ನಿಂತಿತು. ಜಪಾನಿನ ಶಾಖೆ ಮಾತ್ರ 2019ರ ಮಾರ್ಚ್ ಕೊನೆಯವರೆಗೆ ಉಸಿರು ಹಿಡಿದಿತ್ತು. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಮಾಲೀಕನ ಉದ್ದೇಶ ಮುಗಿದಿತ್ತು, ಅಷ್ಟೆ.

ಸ್ವಲ್ಪ ಭಾಗ ಉಳಿದದ್ದು ಹೊರಗಿನವರ ಶ್ರಮದಿಂದ. ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ, ಜೇಸನ್ ಸ್ಕಾಟ್ ಮುಂದಾಳಾಗಿದ್ದ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪೂ ಕೊನೆಯ ತಿಂಗಳುಗಳಲ್ಲಿ ಕೈಗೆ ಸಿಕ್ಕಷ್ಟು ಪುಟಗಳನ್ನು ನಕಲು ಮಾಡಿಕೊಂಡವು. 2010ರಲ್ಲಿ ಆ ಗುಂಪು ಸುಮಾರು 640 ಗಿಗಾಬೈಟ್‌ಗಳ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟಿತು. ಅದು ದೊಡ್ಡ ಕೆಲಸ, ಪೂರ್ಣವಾದ ಕೆಲಸವಲ್ಲ.

ಕನ್ನಡದ ಹಳೆಯ ಜಾಲಪುಟಗಳಿಗೆ ಇನ್ನೊಂದು ತೊಡಕೂ ಇದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಅಕ್ಷರಗಳ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಲಾಗುತ್ತಿತ್ತು. ನುಡಿ, ಬರಹ ಮೊದಲಾದವುಗಳ ಅಂದಿನ ಫಾಂಟ್‌ಗಳು ಈ ಬಗೆಯವು. ಅಂಥ ಪುಟವೊಂದು ಯಾರದೋ ಸಂಗ್ರಹದಲ್ಲಿ ಉಳಿದಿದ್ದರೂ ಆ ಫಾಂಟ್ ಇಲ್ಲದಿದ್ದರೆ ಓದುಗನಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪುಟ ಉಳಿದೂ ಪಾಠ ಅಳಿದಂತೆ.

ಇಂಥ ನಷ್ಟ ಕನ್ನಡಕ್ಕೆ ಹೊಸದಲ್ಲ. 9ನೆಯ ಶತಮಾನದ ಕವಿರಾಜಮಾರ್ಗ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ಇಂದು ಲಭ್ಯವಿಲ್ಲ. ಓಲೆಗರಿಗೆ ಆಯುಷ್ಯದ ಮಿತಿಯುಂಟು. ಗರಿ ಶಿಥಿಲವಾಗುವ ಮೊದಲು ಮತ್ತೊಬ್ಬ ಲಿಪಿಕಾರ ಕುಳಿತು ನಕಲು ಮಾಡಿದ ಕೃತಿ ಮಾತ್ರ ಮುಂದಿನ ತಲೆಮಾರನ್ನು ತಲುಪಿತು. ಕೃತಿ ಉಳಿಯಬೇಕಾದರೆ ಪ್ರತಿ ಹುಟ್ಟಬೇಕು. ವ್ಯತ್ಯಾಸವಿರುವುದು ವೇಗದಲ್ಲಿ. ಓಲೆಗರಿಗಳು ಒಂದೊಂದಾಗಿ, ಶತಮಾನಗಳ ಅವಧಿಯಲ್ಲಿ ನಶಿಸಿದವು. ಒಬ್ಬನೇ ಮಾಲೀಕನ ಜಾಗದಲ್ಲಿ ಕೂಡಿಟ್ಟ ಲಕ್ಷಾಂತರ ಜನರ ಬರಹ ಒಂದೇ ದಿನ ಮರೆಯಾಯಿತು.

1999ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ‘ಲಾಕ್ಸ್’ ಎಂಬ ಯೋಜನೆಯನ್ನು ಆರಂಭಿಸಿತು. ಪ್ರತಿಗಳು ಹಲವಾದಷ್ಟೂ ಬರಹ ಕ್ಷೇಮ ಎಂಬ ತತ್ತ್ವವೇ ಆ ಹೆಸರಿನ ಅರ್ಥ. ಕನ್ನಡದ ಲಿಪಿಕಾರರು ಕೈಯಿಂದ ಮಾಡಿದ್ದೂ ಅದನ್ನೇ.

ಸಂಶೋಧಕರ ಪಾಲಿಗೆ ಇದು ಕೇವಲ ತಾತ್ತ್ವಿಕ ವಿಚಾರವಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಉಲ್ಲೇಖಗೊಂಡ ಜಾಲಕೊಂಡಿಗಳಲ್ಲಿ ಅರ್ಧದಷ್ಟು ಮೂಲ ವಿಷಯಕ್ಕೆ ಕರೆದೊಯ್ಯುವುದಿಲ್ಲವೆಂದು ಹಾರ್ವರ್ಡ್‌ನ ವಿದ್ವಾಂಸರು 2013ರಲ್ಲಿ ತೋರಿಸಿದರು. ನ್ಯಾಯಾಲಯದ ಸ್ಥಿತಿಯೇ ಹೀಗಿರುವಾಗ ಪಿಎಚ್.ಡಿ. ಪ್ರಬಂಧಗಳ ಅಡಿಟಿಪ್ಪಣಿಗಳು ಹೇಗೆ ತಾನೇ ಸುರಕ್ಷಿತ? ಉಚಿತ ತಾಣವನ್ನು ಆಕರವಾಗಿ ಬಳಸುವವರು ನೋಡಿದ ದಿನಾಂಕವನ್ನು ದಾಖಲಿಸಿ, ಪುಟದ ಪ್ರತಿಯೊಂದನ್ನು ಸಾರ್ವಜನಿಕ ದಾಖಲಾಗಾರದಲ್ಲಿ ಸೇರಿಸಿಡುವುದು ಒಳಿತು. ಬರೆಯುವವರು ಯೂನಿಕೋಡಿನ ಮೂಲಪ್ರತಿಯನ್ನು ತಮ್ಮ ಬಳಿಯೂ ಬೇರೆ ಒಂದೆರಡು ಕಡೆಯೂ ಇರಿಸಿ, ಮುಖ್ಯವಾದುದನ್ನು ಮುದ್ರಿಸಿ ಗ್ರಂಥಾಲಯಕ್ಕೆ ಕೊಡಬೇಕು.

ಉಚಿತ ಸೇವೆಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ಪ್ರಕಾಶಕರು ದೊರೆಯದ ಸಾವಿರಾರು ಜನರಿಗೆ ಓದುಗರನ್ನು ಒದಗಿಸಿದ್ದು ಅವೇ. ಅವು ಬರಹವನ್ನು ಹತ್ತು ಜನರಿಗೆ ಮುಟ್ಟಿಸುವ ಜಗಲಿಗಳು. ಜಗಲಿಯಲ್ಲಿ ಕುಳಿತು ಓದಿ ಹೇಳಬಹುದು; ಕಟ್ಟನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋಗಲಾಗದು.