ನಸುಹಳದಿಯ ಹರಳು

ವಜ್ರದ ಬಣ್ಣವನ್ನು ಪರೀಕ್ಷಿಸುವವರು ಮೊದಲು ಹುಡುಕುವುದು ಬಣ್ಣವಿಲ್ಲದಿರುವುದನ್ನು. ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯಾದ ಜಿ.ಐ.ಎ. 1953ರಲ್ಲಿ ರೂಪಿಸಿದ ಶ್ರೇಣಿಯಲ್ಲಿ ‘ಡಿ’ ಅಕ್ಷರದಿಂದ ‘ಝಡ್’ ಅಕ್ಷರದವರೆಗೆ 23 ಮೆಟ್ಟಿಲುಗಳಿವೆ. ಅದಕ್ಕಿಂತ ಮೊದಲು ವರ್ತಕರು ‘ಎ’, ‘ಬಿ’, ‘ಸಿ’ ಎಂಬ ಅಕ್ಷರಗಳನ್ನು ತಮಗೆ ತೋಚಿದಂತೆ ಬಳಸಿ ಗೊಂದಲವೆಬ್ಬಿಸಿದ್ದರಿಂದ ಹೊಸ ಶ್ರೇಣಿಯನ್ನು ‘ಡಿ’ಯಿಂದಲೇ ಆರಂಭಿಸಿದರು. ಡಿ, ಇ, ಎಫ್ ಎಂದರೆ ಬಣ್ಣವಿಲ್ಲದವು. ಜಿ ಇಂದ ಜೆ ವರೆಗಿನವು ಹೆಚ್ಚುಕಡಿಮೆ ಬಣ್ಣವಿಲ್ಲದವು. ಕೆ, ಎಲ್, ಎಂ ಎಂದರೆ ನಸುಬಣ್ಣದವು. ಮುಂದೆ ಹೋದಂತೆ ಹಳದಿ ಏರುತ್ತದೆ, ಬೆಲೆ ಇಳಿಯುತ್ತದೆ. ‘ಝಡ್’ ದಾಟಿ ಹಳದಿ ಗಾಢವಾದರೆ ಅದೇ ಹರಳು ಬಣ್ಣದ ವಜ್ರವೆಂಬ ಬೇರೊಂದು ಪಂಕ್ತಿಗೆ ಸೇರುತ್ತದೆ. ಬೆಲೆ ಮತ್ತೆ ಏರತೊಡಗುತ್ತದೆ. ಸ್ವಲ್ಪ ಹಳದಿ ಕೊರತೆಯೆನಿಸಿಕೊಂಡು ಬಹಳ ಹಳದಿ ವೈಭವವೆನಿಸಿಕೊಳ್ಳುವ ಈ ಲೆಕ್ಕವು ಭಾಷೆಯ ವಿದ್ಯಾರ್ಥಿಗಳಾದ ನಮ್ಮನ್ನು ಕ್ಷಣಕಾಲ ನಿಲ್ಲಿಸಬೇಕು.

ಈ ಹಳದಿ ಕೊಳೆಯಲ್ಲ. ವಜ್ರವೆಂಬುದು ಇಂಗಾಲ. ನೆಲದಾಳದಲ್ಲಿ ಅದು ಹರಳುಗಟ್ಟುವಾಗ ಕೆಲವೆಡೆ ಇಂಗಾಲದ ಪರಮಾಣುವಿನ ಸ್ಥಾನದಲ್ಲಿ ಸಾರಜನಕದ ಪರಮಾಣು ಬಂದು ಕೂಡುತ್ತದೆ. ಅದು ಬೆಳಕಿನ ನೀಲಿಯ ಅಂಶವನ್ನು ಹೀರಿಕೊಳ್ಳುವುದರಿಂದ ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಇನ್ನು ಪರೀಕ್ಷೆಯ ಕ್ರಮವನ್ನು ನೋಡಿ. ಹರಳನ್ನು ಬಿಳಿಯ ಹಿನ್ನೆಲೆಯ ಮೇಲೆ ಬೋರಲು ಇಟ್ಟು, ಮಾದರಿ ಹರಳುಗಳ ಪಕ್ಕದಲ್ಲಿ, ಹಗಲನ್ನು ಹೋಲುವ ಬೆಳಕಿನಲ್ಲಿ ಬಣ್ಣವನ್ನು ನಿರ್ಣಯಿಸುತ್ತಾರೆ. ಮುಖ ಮೇಲಾಗಿದ್ದರೆ ಹರಳಿನ ಹೊಳಪೇ ಬಣ್ಣವನ್ನು ಮರೆಸಿಬಿಡುತ್ತದೆ. ಆದರೆ ಬೆರಳಿಗೆ ಬಂದ ಹರಳನ್ನು ಯಾರೂ ಬೋರಲಾಗಿ ಧರಿಸುವುದಿಲ್ಲ.

ಇಷ್ಟನ್ನು ನಾನು ಓದಿಕೊಳ್ಳಬೇಕಾಗಿ ಬಂದದ್ದು ನನ್ನ ಮಗನ ನಿಶ್ಚಿತಾರ್ಥದ ಕಾರಣದಿಂದ. ಸೊಸೆಯಾಗಿ ಬರುವ ಹುಡುಗಿ ಸೊಲ್ಲಾಪುರದ ಮರಾಠಿ ಮನೆಯವಳು. ಅವಳ ಉಂಗುರಕ್ಕೆಂದು ನನ್ನ ತಾಯಿಯ ಎರಡು ಪಾಟಲಿಗಳಲ್ಲಿ ಒಂದನ್ನು ಕರಗಿಸುವುದೆಂದು ನಿಶ್ಚಯಿಸಿದ್ದೆವು. ಅಕ್ಕಲಕೋಟೆ ಸೀಮೆಯ ನಮ್ಮ ಹಳ್ಳಿಯಿಂದ ನಾನು ಓದಲು ಹೊರಟಾಗ ಆ ಪಾಟಲಿಗಳು ಎರಡು ಸಲ ಒತ್ತೆಗೆ ಹೋಗಿ ಎರಡು ಸಲವೂ ಮರಳಿ ಬಂದಿದ್ದವು. 22 ಕ್ಯಾರೆಟ್ಟಿನ ಆ ಬಂಗಾರ ಹರಳನ್ನು ಬಿಗಿಹಿಡಿಯಲು ಮೃದುವಾಯಿತೆಂದೂ, ಬೆಳ್ಳಿ ತಾಮ್ರಗಳನ್ನು ಇನ್ನಷ್ಟು ಬೆರೆಸಿ 18ಕ್ಕೆ ಇಳಿಸಿದರೆ ಹರಳು ಭದ್ರವಾಗಿ ಕೂಡುವುದೆಂದೂ ಅಕ್ಕಸಾಲಿಗರು ಹೇಳಿದರು. ಬಂಗಾರದ ಬೆರಕೆಗೆ ನಮ್ಮಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಚರ್ಚೆ ಎದ್ದದ್ದು ವಜ್ರದ ಬಣ್ಣದ ಮೇಲೆ.

ಸರಾಫರು ಅರ್ಧ ಅರ್ಧ ಕ್ಯಾರೆಟ್ಟಿನ ಮೂರು ಹರಳುಗಳನ್ನು ಕಾಗದದ ಪೊಟ್ಟಣದಿಂದ ಬಿಡಿಸಿಟ್ಟರು: ಒಂದು ಎಫ್, ಒಂದು ಐ, ಒಂದು ಎಲ್. ಮೂರನೆಯದನ್ನು ತೋರಿಸುವಾಗ ಅವರ ದನಿ ತುಸು ತಗ್ಗಿತು. “ಥೋಡಾ ಪಿವಳಸರ ಆಹೆ” ಎಂದರು. ನನ್ನ ಅಕ್ಕ ಕೂಡಲೇ ಅದನ್ನು ಬದಿಗೆ ಸರಿಸಿದಳು.

“ಹಳದಿ ಹರಳು ಕೊಟ್ಟರ ಮಂದಿ ಏನಂದಾರು? ಅಗ್ಗದ್ದು ತಂದ್ರು ಅಂತ ಜನ್ಮ ಪೂರ್ತಿ ಅಂತಾರ.”

ಅಕ್ಕನದು ಬರಿಯ ಡೌಲಿನ ಮಾತಲ್ಲ. ಅವಳ ಮದುವೆಯಲ್ಲಿ ಗಂಡಿನ ಕಡೆಯವರು ತವರಿನ ಬಂಗಾರವನ್ನು ಚಪ್ಪರದಲ್ಲಿಯೇ ತಕ್ಕಡಿಗೆ ಹಾಕಿ ನೋಡಿದ್ದರು. ತೂಕ ಸರಿಯಿತ್ತು, ಆದರೂ ಆ ತಕ್ಕಡಿಯನ್ನು ಅವಳು ಇಂದಿಗೂ ಮರೆತಿಲ್ಲ. ಇನ್ನೊಬ್ಬರ ಮನೆಯ ಹುಡುಗಿಗೆ ನಾವು ಕೊಡುವ ವಸ್ತುವಿನ ಮೇಲೆ ಯಾರೂ ಬೆರಳಿಡಬಾರದೆಂಬುದು ಅವಳ ಕಳಕಳಿ.

ಹುಡುಗಿ ಮಾತ್ರ ಮೂರೂ ಹರಳುಗಳನ್ನೂ ಪಾಟಲಿಯನ್ನೂ ಬಾಗಿಲ ಬಳಿಯ ಬಿಸಿಲಿಗೆ ಒಯ್ಯಬಹುದೇ ಎಂದು ಕೇಳಿದಳು. ಅಂಗಡಿಯ ದೀಪಗಳ ಅಡಿಯಲ್ಲಿ ಮೂರೂ ಒಂದೇ ಬಗೆಯಾಗಿ ಮಿಂಚುತ್ತಿದ್ದವು. ಹಗಲಲ್ಲಿ, ಬಿಳಿಯ ಕಾಗದದ ಮೇಲೆ ಬೋರಲಾಗಿ ಇಟ್ಟಾಗ ಎಲ್ ಹರಳಿನ ಬಣ್ಣ ಸ್ಪಷ್ಟವಾಯಿತು. ನೀರಿಗೆ ಒಂದು ಹನಿ ಜೇನು ಬೆರೆತಂತೆ. ಅನಂತರ ಒಂದೊಂದನ್ನೇ ಚಿಮುಟಿಗೆಯಲ್ಲಿ ಹಿಡಿದು ಪಾಟಲಿಯ ಮೇಲೆ ತಂದಳು. ಎಫ್ ಹರಳು ಆ ಹಳೆಯ ಬಂಗಾರದ ನಡುವೆ ತನ್ನ ಬಿಳುಪನ್ನು ಉಳಿಸಿಕೊಳ್ಳಲಿಲ್ಲ. ಸುತ್ತಲಿನ ಹಳದಿಯೇ ಅದರೊಳಗೆ ಪ್ರತಿಫಲಿಸಿತು. ಎಲ್ ಹರಳಿಗೆ ಆ ಬಂಗಾರದೊಡನೆ ಹೊಸದಾಗಿ ಹೊಂದಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಬಿಳಿಯ ಬಂಗಾರದಲ್ಲಿಯೋ ಪ್ಲಾಟಿನಮ್ಮಿನಲ್ಲಿಯೋ ಕೂಡಿಸುವುದಾಗಿದ್ದರೆ ಅದರ ಹಳದಿ ಎದ್ದು ಕಾಣುತ್ತಿತ್ತು, ಆಗ ನಮ್ಮ ತೀರ್ಮಾನವೂ ಬೇರೆಯಾಗುತ್ತಿತ್ತು.

ಅವಳು ಪ್ರಮಾಣಪತ್ರವನ್ನು ಕೇಳಿ ಓದಿದಳು. ಕಡಿತ ಹೇಗಿದೆಯೆಂದು ವಿಚಾರಿಸಿದಳು. ಹರಳಿನ ಹೊಳಪು ಬಣ್ಣದ ಅಕ್ಷರಕ್ಕಿಂತ ಹೆಚ್ಚಾಗಿ ಕಡಿತದ ಕೋನಗಳನ್ನು ಅವಲಂಬಿಸಿದೆಯೆಂದು ಸರಾಫರೇ ಒಪ್ಪಿಕೊಂಡರು. ಬಣ್ಣದಲ್ಲಿ ಉಳಿದ ಹಣದ ಒಂದು ಪಾಲನ್ನು ಕಡಿತಕ್ಕೆ ಸಲ್ಲಿಸಿ, ಅದೇ ಎಲ್ ದರ್ಜೆಯಲ್ಲಿ ಇನ್ನೂ ಉತ್ತಮ ಕಡಿತದ ಹರಳೊಂದನ್ನು ಆರಿಸಿದಳು. ಆಮೇಲೆ ಅಕ್ಕನ ಕಡೆಗೆ ತಿರುಗಿ, ತಾನು ಈಚೆಗೆ ಕಲಿಯುತ್ತಿರುವ ಕನ್ನಡದಲ್ಲಿ ಹೇಳಿದಳು:

“ಮಾವಶಿ, ಕೇಳಿದವರಿಗೆ ನಾನs ಹೇಳ್ತೀನಿ, ಇದು ಸ್ವಲ್ಪ ಹಳದಿ ಅದ ಅಂತ. ಬಿಳಿ ಅಂತ ಹೇಳಿ ಕೊಟ್ಟರ ನಾಚಿಕಿ. ಗೊತ್ತಿದ್ದು ತಗೊಂಡ್ರ ಏನು ನಾಚಿಕಿ?”

ಅಕ್ಕ ಸುಮ್ಮನಾದಳು. ಒಪ್ಪಿದಳೆಂದು ನಾನು ಬರೆಯಲಾರೆ. ಆದರೆ ಅರಿಸಿನ ಹಚ್ಚುವ ದಿನ ಹುಡುಗಿಯ ಕೈಗೆ ಮೊದಲು ಅರಿಸಿನ ಹಚ್ಚಿದವಳು ಅವಳೇ. ಮದುಮಗಳ ಮೈಗೆ ಹಳದಿಯನ್ನು ಮಂಗಳವೆಂದು ಹಚ್ಚುವ ನಾವೇ ಅವಳ ಹರಳಿನಲ್ಲಿ ಅದು ಇಣುಕಿದರೆ ಅಂಜುತ್ತೇವೆ.

ಬಣ್ಣಕ್ಕೆ ಪದವಿ ಕಟ್ಟುವ ಅಭ್ಯಾಸ ಹೊಸದೇನಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವಜ್ರಪರೀಕ್ಷೆಯ ಅಧ್ಯಾಯವಿದೆ. ಅಲ್ಲಿ ಬಿಳಿಯ ವಜ್ರ ಬ್ರಾಹ್ಮಣರಿಗೆ, ಕೆಂಪು ಮತ್ತು ಹಳದಿ ಕ್ಷತ್ರಿಯರಿಗೆ, ಶಿರೀಷ ಪುಷ್ಪದ ಬಣ್ಣದ್ದು ವೈಶ್ಯರಿಗೆ, ಖಡ್ಗದಂತೆ ಕಪ್ಪಾದದ್ದು ಶೂದ್ರರಿಗೆ ಎಂಬ ವಿಂಗಡಣೆ ಇದೆ. ನಮ್ಮ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೂ ರತ್ನಪರೀಕ್ಷೆಯನ್ನು ಅರಸನು ತಿಳಿಯಬೇಕಾದ ವಿದ್ಯೆಗಳಲ್ಲಿ ಸೇರಿಸುತ್ತದೆ. ಅದೇ ಹನ್ನೆರಡನೆಯ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಹುಟ್ಟಿನಿಂದ ಮನುಷ್ಯರಿಗೆ ದರ್ಜೆ ಕಟ್ಟುವುದನ್ನು ವಚನಕಾರರು ಪ್ರಶ್ನಿಸಿದರು; ಅವರೊಡನಿದ್ದ ಸಿದ್ಧರಾಮ ನಮ್ಮ ಸೊನ್ನಲಿಗೆಯವನು. ಹರಳಿನಲ್ಲಿ ಎಷ್ಟು ಬಣ್ಣವಿದೆಯೆಂದು ಅಳೆಯುವುದು ಪರೀಕ್ಷೆ. ಅದನ್ನು ಧರಿಸುವವರು ಯಾವ ಮಟ್ಟದವರೆಂದು ಅದರಿಂದಲೇ ಹೇಳಹೊರಡುವುದು ಬೇರೆ ಮಾತು. ಅಕ್ಕ ಅಂಜಿದ್ದು ಈ ಎರಡನೆಯದಕ್ಕೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿ, ಮುಂದೆ ಮರಾಠಿಯಲ್ಲಿ ಓದಿದವಳು. ಸರಾಫರ ‘ಪಿವಳಸರ’ ಎಂಬ ಮಾತು ಬಹಳ ದಿನ ನನ್ನ ಕಿವಿಯಲ್ಲಿ ಉಳಿಯಿತು. ‘ಪಿವಳಾ’ ಎಂದರೆ ಹಳದಿ. ‘ಸರ’ ಸೇರಿದಾಗ ಹಳದಿಯ ಕಡೆಗೆ ವಾಲಿದ್ದು. ಕನ್ನಡದಲ್ಲಿ ಅದಕ್ಕೆ ಎಷ್ಟು ಮಾತುಗಳಿವೆ! ನಸುಹಳದಿ, ಎಳೆಹಳದಿ, ಕೆನೆಬಣ್ಣ, ಹೊಂಬಣ್ಣ. ‘ಹಳದಿಗಟ್ಟಿದೆ’ ಎಂದರೆ ಹಳತಾದ ಬಟ್ಟೆ ಕಣ್ಣ ಮುಂದೆ ಬರುತ್ತದೆ. ‘ಹೊಂಬಣ್ಣ’ ಎಂದರೆ ಸಂಜೆಯ ಬಿಸಿಲು. ಹರಳು ಒಂದೇ, ಸಾರಜನಕವೂ ಅಷ್ಟೇ. ‘ಎಲ್’ ಎಂಬ ಅಕ್ಷರ ಬಣ್ಣದ ಪ್ರಮಾಣವನ್ನಷ್ಟೇ ಹೇಳುತ್ತದೆ. ಅದು ಕುಂದೋ ಚೆಲುವೋ ಎಂಬುದನ್ನು ನಾವು ಆರಿಸುವ ಪದ ಹೇಳುತ್ತದೆ.

ವಿದ್ಯಾರ್ಥಿ ಮಿತ್ರರೇ, ಗಡಿಯಾಚೆಗೆ ಸಂದರ್ಶನಕ್ಕೋ ಸ್ಪರ್ಧೆಗೋ ಹೋದಾಗ ನಿಮ್ಮ ಕನ್ನಡದಲ್ಲಿ ಮರಾಠಿಯ ಬಣ್ಣವಿದೆಯೆಂದು ಯಾರೋ ಹೇಳಿದರೆಂದು ನೀವು ಕುಗ್ಗಿ ಬಂದದ್ದನ್ನು ನಾನು ಬಲ್ಲೆ. ಬಣ್ಣವಿರುವುದು ನಿಜ, ಅದನ್ನು ಮುಚ್ಚಬೇಕಾಗಿಲ್ಲ. ನಮ್ಮ ತುಪ್ಪ ಮರಾಠಿಯ ಮನೆಯಲ್ಲಿ ‘ತೂಪ’ವಾಗಿ ಕುಳಿತಿದೆ, ಅವರ ಎಷ್ಟೋ ಮಾತುಗಳು ನಮ್ಮ ಅಡುಗೆಮನೆಯಲ್ಲಿವೆ. ಆದರೆ ಆ ಹುಡುಗಿ ಎಫ್ ಮತ್ತು ಎಲ್ ಹರಳುಗಳ ಅಂತರವನ್ನು ಕಣ್ಣಾರೆ ಕಂಡ ಮೇಲೆಯೇ ಎಲ್ ಆರಿಸಿದಳೆಂಬುದನ್ನು ಮರೆಯಬೇಡಿ. ಅಂತರವನ್ನು ಕಾಣದವರು ಕೈಗೆ ಸಿಕ್ಕಿದ್ದನ್ನು ತಂದಿರುತ್ತಾರೆ. ಅದನ್ನು ಆಯ್ಕೆ ಎನ್ನಲಾಗದು. ಆದ್ದರಿಂದ ಗ್ರಂಥಸ್ಥ ಕನ್ನಡವನ್ನು ಚೆನ್ನಾಗಿ ಕಲಿಯಿರಿ. ಅದರಲ್ಲಿ ತಪ್ಪಿಲ್ಲದೆ ಬರೆಯಲು ಬರುವಷ್ಟು ಕಲಿಯಿರಿ. ಆಮೇಲೆ ನಿಮ್ಮ ಮನೆಯ ಮಾತನ್ನು ಎಲ್ಲಿ ಆಡಬೇಕೆನಿಸುತ್ತದೆಯೋ ಅಲ್ಲಿ ತಲೆಯೆತ್ತಿ ಆಡಿರಿ.

ಒಂದು ಕೆಲಸವನ್ನೂ ಒಪ್ಪಿಸುತ್ತೇನೆ. ಹಳದಿಯ ಛಾಯೆಗಳಿಗೆ ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಜೋಳದ ಕಣದಲ್ಲಿ, ನೇಕಾರರ ಓಣಿಯಲ್ಲಿ ಯಾವ ಯಾವ ಹೆಸರುಗಳಿವೆಯೋ ಕೇಳಿ ಬರೆದು ತನ್ನಿರಿ. ಕನ್ನಡದವು, ಮರಾಠಿಯವು, ಎರಡಕ್ಕೂ ಸೇರಿದವು, ಎಲ್ಲವೂ ಇರಲಿ. ವಿಭಾಗದ ಮುಂದಿನ ಸಂಚಿಕೆಯಲ್ಲಿ ಅವುಗಳಿಗೊಂದು ಪುಟ ಮೀಸಲಿಡೋಣ.