ಏಲಿಗೆ ಸಿಟ್ಟು ಬರಲಿಲ್ಲವೇ?

ನಮ್ಮ ಸಭೆಯ ಭಾನುವಾರದ ಶಾಲೆಯಲ್ಲಿ ನಾನು 30 ವರ್ಷ ಪಾಠ ಹೇಳಿದವನು. ಬಾಲಕ ಸಮುವೇಲನ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಮುದುಕ ಯಾಜಕ ಏಲಿಯೇ ಕರೆದನೆಂದು ಹುಡುಗ ಎದ್ದು ಓಡುತ್ತಾನೆ. ಮೂರನೆಯ ಸಲಕ್ಕೆ ಏಲಿಗೆ ಹೊಳೆಯುತ್ತದೆ, ಕರೆಯುತ್ತಿರುವವನು ದೇವರೆಂದು. "ಹಿರಿಯರು ಕರೆದರೆ ಹೀಗೆ ಎದ್ದು ಬರಬೇಕು, ಮಕ್ಕಳೆ" ಎಂದು ನಾನು ಪುಸ್ತಕ ಮುಚ್ಚುತ್ತಿದ್ದೆ. ಅಷ್ಟರಲ್ಲಿ ಗಂಟೆಯೂ ಬಾರಿಸುತ್ತಿತ್ತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲವೆಂದು ನನಗೆ ತಿಳಿಯದೆ ಇರಲಿಲ್ಲ. ಮುಂದಿನದನ್ನು ಓದಿದ್ದೆ, ನಿಂತು ನೋಡಿರಲಿಲ್ಲ, ಅಷ್ಟೆ.

ಕಳೆದ ಬೇಸಗೆಯಲ್ಲಿ ಮಗಳ ಮಗ ಬೆಂಗಳೂರಿನಿಂದ ಮಂಗಳೂರಿಗೆ ಬಂದ. 12 ವರ್ಷದ ಪೋರ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಮಾತಾಡಬಲ್ಲ, ಓದುವುದೆಂದರೆ ತಡವರಿಕೆ. ರಜೆಯ ಕೊನೆಯ ಭಾನುವಾರ ಆರಾಧನೆಯಲ್ಲಿ ಓದಲು ಸಭಾಪಾಲಕರು ಅವನಿಗೆ ಕೊಟ್ಟದ್ದು ಇದೇ ಅಧ್ಯಾಯ. ಓದಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಮುಜುಗರವಾಯಿತು. ಹೆಂಡತಿ ತೀರಿಕೊಂಡಂದಿನಿಂದ, ಎರಡು ವರ್ಷ, ನಾನು ದೇವಾಲಯದ ಮೆಟ್ಟಿಲು ಹತ್ತಿರಲಿಲ್ಲ. ಕೇಳಿದವರಿಗೆ ಮೊಣಕಾಲು ನೋವೆನ್ನುತ್ತಿದ್ದೆ.

ಜಗಲಿಯಲ್ಲಿ ಪಾಠ ಮೊದಲಾಯಿತು. ಹುಡುಗನ ಕಣ್ಣಿಗೆ 'ಯ'ಕಾರವೂ 'ಮ'ಕಾರವೂ ಒಂದೇ. 'ಯೆಹೋವ' ಎನ್ನಬೇಕಾದಲ್ಲೆಲ್ಲ 'ಮೆಹೋವ' ಎಂದ. ನನ್ನೊಳಗಿನ ಮೇಷ್ಟರು ಎದ್ದ. "ಕಿಟ್ಟೆಲರು ಜರ್ಮನಿಯವರು. 1853ರಲ್ಲಿ ಈ ದೇಶಕ್ಕೆ ಬಂದು ಕನ್ನಡ ಕಲಿತು, 1894ರಲ್ಲಿ ನಿಘಂಟನ್ನೇ ಹೊರಡಿಸಿದರು. ಅಚ್ಚಾದದ್ದೂ ಇದೇ ಊರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ. ನಿನಗೆ ಒಂದು ಅಕ್ಷರ ಬಾರದೆ?"

"ಅವರಿಗೆ ಯಾರು ಕಲಿಸಿದ್ದು, ಅಜ್ಜ?"

"ಇಲ್ಲಿಯ ಪಂಡಿತರು."

"ಹಾಗಾದ್ರೆ ಕಲಿಸ್ಲಿಕ್ಕೆ ಬಂದವರು ಮೊದಲು ಕಲಿಯಬೇಕಾಯ್ತು" ಎಂದು ನಕ್ಕ. ಬೆಂಗಳೂರಿನ ಶಾಲೆಯಲ್ಲಿ ಎದುರುತ್ತರವನ್ನಂತೂ ಚೆನ್ನಾಗಿ ಕಲಿಸುತ್ತಾರೆ.

ಅಧ್ಯಾಯದ ಉತ್ತರಾರ್ಧಕ್ಕೆ ಬಂದೆವು. ದೇವರು ಆ ರಾತ್ರಿ ಹೇಳಿದ್ದು ಸಿಹಿಸುದ್ದಿಯಲ್ಲ. ಏಲಿಯ ಮಕ್ಕಳು ಕೆಟ್ಟು ಹೋದರು, ತಂದೆ ತಡೆಯಲಿಲ್ಲ, ಆ ಮನೆತನಕ್ಕೆ ದಂಡನೆ ತಪ್ಪದು. ಸಾಕಿದ ಮುದುಕನಿಗೆ ಇದನ್ನು ಹೇಗೆ ಹೇಳುವುದು? ಸಮುವೇಲ ಹೆದರಿ ಬೆಳಗಿನವರೆಗೆ ಬಿದ್ದುಕೊಂಡಿರುತ್ತಾನೆ. ಏಲಿಯೇ ಬಲವಂತ ಮಾಡಿ ಹೇಳಿಸುತ್ತಾನೆ. ಎಲ್ಲ ಕೇಳಿ, ದೇವರ ಇಷ್ಟದಂತಾಗಲಿ ಎಂಬರ್ಥದ ಒಂದು ಮಾತಾಡಿ ಸುಮ್ಮನಾಗುತ್ತಾನೆ.

ಹುಡುಗ ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡು ಕೇಳಿದ: "ಏಲಿಗೆ ಸಿಟ್ಟು ಬರ್ಲಿಲ್ವಾ, ಅಜ್ಜ?"

30 ವರ್ಷ ಪಾಠ ಹೇಳಿದವನ ಬಳಿ ಉತ್ತರ ಇರಬೇಕಿತ್ತು. "ಗೊತ್ತಿಲ್ಲ ಮಗಾ. ನನಗಂತೂ ಬಂದಿದೆ" ಎಂದೆ.

ಅವನು ತಲೆಯೆತ್ತಲಿಲ್ಲ. "ನನಗೂ" ಎಂದ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ದಿನಾ ರಾತ್ರಿ ಪ್ರಾರ್ಥನೆ ಮಾಡಿದ್ದನಂತೆ. ಅವಳು ಹೋದ ಮೇಲೆ ನಿಲ್ಲಿಸಿಬಿಟ್ಟನಂತೆ. ಈಗ ಮತ್ತೆ ಸುರುಮಾಡಿದ್ದಾನೆ, ಯಾರಿಗೂ ಹೇಳಿಲ್ಲ.

"ಏನೆಂದು ಮಾಡುತ್ತೀ?"

"ಮೊದಲು ಸಿಟ್ಟುಂಟು ಅಂತ ಹೇಳುವುದು. ಮತ್ತೆ ಬಾಕಿದ್ದು. ಹೇಳದಿದ್ರೆ ಸುಳ್ಳಾಗ್ತದಲ್ಲ? ಅದು ಪಾಪವಾ, ಅಜ್ಜ?"

ಈ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. ಕೀರ್ತನೆಗಳ ಪುಸ್ತಕ ತೆರೆದು 88ನೆಯದನ್ನು ನಾನೇ ಓದಿದೆ. ಮೊದಲಿನಿಂದ ಕೊನೆಯವರೆಗೆ ದೇವರ ಮೇಲೆಯೇ ದೂರು. ಬೇರೆ ಕೀರ್ತನೆಗಳಂತೆ ಕೊನೆಗೊಂದು ಸಮಾಧಾನದ ಮಾತೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ.

"ಇದನ್ನೂ ಸತ್ಯವೇದದಲ್ಲಿ ಹಾಕಿದ್ದಾರಾ!" ಎಂದು ಪುಸ್ತಕವನ್ನು ಕೈಯಿಂದ ಕಿತ್ತುಕೊಂಡು ನೋಡಿದ. ಅವನ ಹೆಗಲು ಇಳಿದದ್ದು ನನಗೆ ಕಂಡಿತು. ನಾನೂ ಎಷ್ಟೋ ವರ್ಷದಿಂದ ಬಲ್ಲ ಕೀರ್ತನೆ ಅದು. ಬಾಯಿಬಿಟ್ಟು ಓದಿದ್ದು ಅಂದೇ.

ಭಾನುವಾರ ಅವನು ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದ. ಒಂದು ಕಡೆ 'ಮೆಹೋವ' ಎಂದೇಬಿಟ್ಟು, ಹಿಂದಿನ ಬೆಂಚಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕುಳಿತಿದ್ದ ನನ್ನ ಕಡೆ ನೋಡಿದ.